ಡಬ್ಬಿಯೊಳಗಿದ್ದ ಅವ್ವನ ಅಡಿಬರಹ

ನಮ್ಮ ಅಣ್ಣನಿಗೂ ನನಗೂ ಜಗಳಾಡಲು ಚಿಕ್ಕಂದಿನಿಂದಲೂ ವಿಷಯವೇ ಬೇಕಾಗಿಲ್ಲ. ಅವನು ಹೂಂ ಅಂದರೆ ನಾನು ಊಹೂಂ. ಆದರೆ ಈಚಿನ ಎರಡು ವರ್ಷಗಳಲ್ಲಿ ನಾವು ಆಡಿದ ಜಗಳಕ್ಕೆ ಒಂದು ಗಟ್ಟಿ ವಿಷಯವಿತ್ತು. ಮನೆಯ ಫೋಟೊ, ಹಾಡು, ಲಗ್ನದ ವಿಡಿಯೊಗಳನ್ನೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿ ತುಂಬಿಟ್ಟರೆ ಅದು ಟಿವಿಗೂ ಮನೆಮಂದಿಯ ಫೋನುಗಳಿಗೂ ಬೇಕಾದಾಗ ಬೇಕಾದ್ದನ್ನು ತೋರಿಸುತ್ತದೆ. ಅದಕ್ಕೆ ಮೀಡಿಯಾ ಸರ್ವರ್ ಅನ್ನುತ್ತಾರೆ. ಅದರ ತಂತ್ರಾಂಶವನ್ನು ಕಂಪ್ಯೂಟರಿಗೆ ನೇರವಾಗಿ ಹಾಕಬೇಕೋ, ಕಂಟೇನರಿನಲ್ಲಿಟ್ಟು ನಡೆಸಬೇಕೋ ಎಂಬುದೇ ಜಗಳ. ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಹೊಲದ ಬದುವಿಗಾಗಿ ಕೋರ್ಟು ಹತ್ತುವ ಅಣ್ಣತಂಗಿಯರಿಗಿಂತ ನಾವು ವಾಸಿ.

ನಾನಿರುವುದು ಬೆಳಗಾವಿಯ ಶಹಾಪುರದಲ್ಲಿ. ಒಂದು ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿಸುತ್ತೇನೆ. ಅಣ್ಣ ಖಾನಾಪುರದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾನೆ. ಕಂಪ್ಯೂಟರನ್ನು ಅವನು ಯಾರ ಹತ್ತಿರವೂ ಕಲಿತವನಲ್ಲ, ಬಿಚ್ಚಿ ನೋಡಿ ಕಲಿತವನು. ಅವ್ವ ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು, ನಮ್ಮ ಕಡೆಯ ಮಾತಿನಲ್ಲಿ ಅಕ್ಕಾರು. ಈಗ ಹದಿನೈದು ದಿನ ನನ್ನ ಮನೆ, ಹದಿನೈದು ದಿನ ಅಣ್ಣನ ಮನೆ. ತಪ್ಪು ಹುಡುಕುವ ಕೆಲಸವನ್ನು ಎರಡೂ ಮನೆಗೆ ಸರಿಸಮ ಹಂಚಿದ್ದಾಳೆ. ಆದ್ದರಿಂದ ಸರ್ವರುಗಳೂ ಎರಡು, ಅಲ್ಲೊಂದು, ಇಲ್ಲೊಂದು. ಅವನದು ನೇರ, ನನ್ನದು ಕಂಟೇನರು.

ಕಂಟೇನರ್ ಅಂದರೆ ಏನೆಂದು ನಾನು ಮೊದಲು ವಿವರಿಸಿದ್ದು ಅವ್ವನಿಗೆ, ನಮ್ಮ ಅಡುಗೆಮನೆಯಲ್ಲಿ, ಅವಳು ಶೇಂಗಾ ಹುರಿಯುತ್ತಿದ್ದಾಗ. ಒಂದೊಂದು ತಂತ್ರಾಂಶಕ್ಕೂ ಬೇಕಾದ ಸಾಮಾನನ್ನೆಲ್ಲ ಅದರ ಜೊತೆಗೇ ಕೂಡಿಸಿ ಮುಚ್ಚಿಡುವುದು, ಒಂದರದು ಇನ್ನೊಂದಕ್ಕೆ ತಾಗುವುದಿಲ್ಲ, ಕೆಟ್ಟರೆ ಅದನ್ನಷ್ಟೇ ಬಿಸಾಕಿ ಹೊಸದು ತಂದಿಟ್ಟರಾಯಿತು ಅಂದೆ.

"ಹಂಗಾರ ಡಬ್ಬಿ ಅನ್ನು. ಕಂಟೇನರ್ ಅಂತ ಯಾಕ ನಾಲಿಗಿ ತಿರುವತಿ?" ಅಂದಳು ಅವ್ವ. ಆಮೇಲೆ ಹುರಿಯುವುದನ್ನು ನಿಲ್ಲಿಸಿ, "ಡಬ್ಬಿ ಒಗದ್ರ ಒಳಗಿನ ಹಿಟ್ಟಿನ ಗತಿ ಏನು?" ಎಂದು ಕೇಳಿದಳು.

"ಹಿಟ್ಟು ಹೊರಗ ಬ್ಯಾರೆ ಕಡೆ ಇಟ್ಟಿರ್ತೀವಿ ಅವ್ವಾ. ಅಷ್ಟೂ ತಿಳ್ಯಾಂಗಿಲ್ಲೇನು ನನಗ?" ಅಂದೆ ಜೋರಾಗಿ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಡಬ್ಬಿಯೇ ಆಯಿತು.

ಅಣ್ಣನಿಗೆ ಈ ಡಬ್ಬಿಯೆಂದರೆ ಕಿರಿಕಿರಿ. "ಮೋಟಾರಿಗೆ ಒಂದು ಬಾಡಿ ಇರ್ತೈತಿ. ಆ ಬಾಡಿ ಮ್ಯಾಲ ಇನ್ನೊಂದು ಬಾಡಿ ಯಾಕ ಬೇ? ನೇರ ಹಾಕಿದ್ರ ಏನರ ಕೆಟ್ಟಾಗ ಕೈ ಹಾಕಿ ನೋಡಾಕ ಬರ್ತೈತಿ" ಅನ್ನುತ್ತಿದ್ದ. ನಾನು ಅವನು ಕೈ ಹಾಕುವ ದಿನಕ್ಕೇ ಕಾಯುತ್ತಿದ್ದೆ. ಬಂತು. ಅಂಗಡಿಯ ಸಿಸಿಟಿವಿ ದೃಶ್ಯಗಳನ್ನು ಉಳಿಸಿಕೊಳ್ಳಲು ಅವನು ಅದೇ ಕಂಪ್ಯೂಟರಿಗೆ ಇನ್ನೊಂದು ತಂತ್ರಾಂಶ ಹಾಕಿದ. ಅದಕ್ಕೂ ಸರ್ವರಿಗೂ ಬೇಕಾದ ಪೂರಕ ಭಾಗ ಒಂದೇ, ಆದರೆ ಸಿಸಿಟಿವಿಯದಕ್ಕೆ ಹೊಸ ಆವೃತ್ತಿ ಬೇಕು, ಸರ್ವರಿಗೆ ಹಳೆಯದೇ ಆಗಬೇಕು. ಹೊಸದು ಬಂತು, ಸರ್ವರ್ ಮಲಗಿತು. ಮೂರು ದಿನ ಖಾನಾಪುರದ ಮನೆಯ ಟಿವಿಯಲ್ಲಿ ಒಂದು ಫೋಟೊ ಇಲ್ಲ. ವೈನಿಯ, ಅಂದರೆ ಅಣ್ಣನ ಹೆಂಡತಿಯ, ತಂಗಿ ಅದೇ ವಾರ ಬಂದಿದ್ದಳು, ಲಗ್ನದ ವಿಡಿಯೊ ತೋರಿಸಬೇಕೆಂದು ವೈನಿಯ ಆಸೆ.

"ಅಗ್ಗಬಾಯಿ! ನನ್ನ ಲಗ್ನಾನ ಹೋತಲ್ರೀ!" ಎಂದು ವೈನಿ ಹಣೆ ಬಡಿದುಕೊಂಡರೆ, "ಅಷ್ಟು ಪುಣ್ಯಾ ನಾ ಎಲ್ಲಿ ಮಾಡೇನಿ" ಅಂದನಂತೆ ಅಣ್ಣ. ನಾನು ಫೋನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಂದು ತಿಂಗಳು ಆ ಮಾತನ್ನೇ ಹಿಡಿದು ಅವನ ಕಿವಿ ಹಿಂಡಿದೆ. ನಕ್ಕವರ ಸರದಿಯೂ ಒಂದು ದಿನ ಬರುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಈಗ ಅಡಿಬರಹದ ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಕ್ಯಾಮೆರಾದ ಹುಚ್ಚಿತ್ತು. ಅವನು ಹೋದ ಮೇಲೆ ಒಂದು ಟ್ರಂಕಿನ ತುಂಬ ಫೋಟೊಗಳು ಉಳಿದವು. ಅವನ್ನು ನಾನು ಒಂದು ಬೇಸಿಗೆ ರಜೆಯಿಡೀ ಸ್ಕ್ಯಾನ್ ಮಾಡಿ ಸರ್ವರಿಗೆ ಹಾಕಿದೆ. ಆರುನೂರಕ್ಕೂ ಹೆಚ್ಚು. ಅಣ್ಣನಿಗೂ ಒಂದು ಪ್ರತಿ ಕೊಟ್ಟೆ. ಟಿವಿಯಲ್ಲಿ ಅವು ದೊಡ್ಡದಾಗಿ ಕಂಡಾಗ ಅವ್ವನಿಗೆ ಸಿಟ್ಟು ಬಂತು.

"ಇವ್ರು ಯಾರಂತ ನಿನ್ನ ಮಕ್ಕಳಿಗೆ ಗೊತ್ತೈತೇನು? ನಿನಗರ ಗೊತ್ತೈತೇನು? ನಾ ಹೋದ ಮ್ಯಾಲ ಇವ್ರನ್ನೆಲ್ಲಾ ಯಾರು ಗುರ್ತು ಹಿಡಿಯಾಂವ್ರು?" ಅಂದಳು.

ಸರ್ವರಿನಲ್ಲಿ ಒಂದೊಂದು ಫೋಟೊದ ಕೆಳಗೂ ನಾಲ್ಕು ಸಾಲು ಬರೆಯಲು ಜಾಗವಿರುತ್ತದೆ. ತೋರಿಸಿದೆ. ಅಂದಿನಿಂದ ಅವ್ವ ಶಹಾಪುರಕ್ಕೆ ಬಂದಾಗಲೆಲ್ಲ ಮಧ್ಯಾಹ್ನದ ನಿದ್ದೆ ಬಿಟ್ಟಳು. ಕೀಲಿಮಣೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು, ಬಲಗೈಯ ತೋರುಬೆರಳೊಂದರಿಂದಲೇ ಒಂದೊಂದಕ್ಷರ ಕುಟ್ಟಿದಳು. ಹೇಳಿದ್ದನ್ನು ಕೇಳಿ ತಾನೇ ಬರೆದುಕೊಳ್ಳುವ ಸೌಲಭ್ಯ ಇದೆ ಅಂದರೆ, "ನಾ ಏನು ಹಾಸಿಗಿ ಹಿಡದೇನೇನು?" ಅಂದಳು. ಎಂಟು ತಿಂಗಳು ಬರೆದಳು. ಮಾತಿನಲ್ಲಿ ನಮ್ಮ ಹಾಗೇ ಐತಿ, ಹೋತು ಅನ್ನುವವಳು ಬರೆಯುವಾಗ ಮಾತ್ರ ಪಕ್ಕಾ ಶಾಲೆಯ ಕನ್ನಡ. ಮತ್ತೆ ಆ ಬರಹ! "ನಡುವೆ ನಿಂತವರು ನನ್ನ ಅತ್ತೆ. ಫೋಟೊ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆಂದು ಕಣ್ಣು ಮುಚ್ಚಿದ್ದಾರೆ. ತೊಂಬತ್ತೊಂದು ವರ್ಷ ಬದುಕಿದರು." ಇನ್ನೊಂದು: "ಶಹಾಪುರದ ಸೀರೆ. ಉಟ್ಟವಳದ್ದಲ್ಲ." ನನ್ನ ಮೆಚ್ಚಿನದು ಒಂದು ಲಗ್ನದ ಗುಂಪಿನ ಫೋಟೊದ್ದು: "ಬಲತುದಿಯವರು ಯಾರೆಂದು ಎರಡೂ ಕಡೆಯವರಿಗೆ ಗೊತ್ತಿಲ್ಲ. ಊಟ ಮಾಡಿಯೇ ಹೋದರು."

ನಮ್ಮ ಮನೆಯವರು ಸಂಜೆ ಕೆಲಸದಿಂದ ಬಂದವರೇ ಇವತ್ತು ಅತ್ತೆಯವರು ಏನು ಬರೆದರೆಂದು ಟಿವಿ ಹಚ್ಚುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಅವ್ವ ಮಾತ್ರ ನಗದೆ, "ಇದರಾಗ ನಗೂದೇನೈತಿ?" ಅನ್ನುವಳು. ನಿವೃತ್ತಿಯಾದ ಮೇಲೆ ಅವಳು ಅಷ್ಟು ಗೆಲುವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ದಸರೆಯಲ್ಲಿ ಬನ್ನಿ ಕೊಡಲು ನಮ್ಮ ಮನೆಗೆ ಬಳಗವೆಲ್ಲ ಬರುತ್ತದೆ. ಆ ದಿನ ಎಲ್ಲರನ್ನೂ ಕೂಡಿಸಿ ತನ್ನ ಬರಹ ತೋರಿಸುವುದೆಂದು ಅವಳೇ ಗೊತ್ತು ಮಾಡಿದ್ದಳು. ಫೋನು ಮಾಡಿ ಹೇಳಿಯೂ ಆಗಿತ್ತು.

ಅಣ್ಣ ಹಲವು ಸಲ ಕೇಳಿದ್ದ, "ಅವ್ವನ ಬರಹದ್ದೂ ಒಂದು ಪ್ರತಿ ಕೊಡು ಬೇ, ನನ್ನ ಕಡೆನೂ ಇರ್ಲಿ." ನಾನು "ಕೊಡ್ತೀನಿ ತಡಿ" ಅನ್ನುತ್ತಲೇ ಇದ್ದೆ. ಖರೇ ಹೇಳಬೇಕೆಂದರೆ ಅದು ನನ್ನ ಮನೆಯಲ್ಲಿ ಮಾತ್ರ ಇದೆಯೆಂಬ ಜಂಬ ನನಗಿತ್ತು.

ನವರಾತ್ರಿಯ ಘಟ ಕೂಡುವ ಮೊದಲು ಮನೆಯ ಹಾಸಿಗೆ, ಕೌದಿ, ಚಾದರ ಒಂದೂ ಬಿಡದೆ ಒಗೆಯುವುದು ನಮ್ಮ ಕಡೆಯ ಪದ್ಧತಿ. ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಬಿಸಿಲಿಗಿಡುವುದೂ ಆಗಲೇ. ಹಳೆಯದೊಂದು ಕಣವೂ ಮನೆಯಲ್ಲಿ ಉಳಿಯಬಾರದು. ಆ ಸಲ ಶನಿವಾರ ಖಾನಾಪುರಕ್ಕೆ ಹೋಗಿ ಮಲಪ್ರಭೆಯ ದಂಡೆಯಲ್ಲಿ ವೈನಿಯೂ ನಾನೂ ಇಪ್ಪತ್ತು ಕೌದಿ ಒಗೆದೆವು. ಅವ್ವ ಕಲ್ಲಿನ ಮೇಲೆ ಕೂತು ಯಾವ ಮೂಲೆಯಲ್ಲಿ ಕೊಳೆ ಉಳಿದಿದೆಯೆಂದು ಬೆರಳು ತೋರಿಸಿದಳು. ಘಟದ ದಿನಗಳಲ್ಲಿ ಅವಳು ಅಲ್ಲೇ ಉಳಿಯುವುದು, ಆಯುಧಪೂಜೆಯ ದಿನ ಅಣ್ಣ ಅವಳನ್ನು ಕರೆತರುವುದು ಎಂದಾಯಿತು.

ಭಾನುವಾರ ಬೆಳಿಗ್ಗೆ ಶಹಾಪುರದ ಮನೆ ತೊಳೆದೆ. ಅಟ್ಟ ಆಯಿತು, ಅಡುಗೆಮನೆ ಆಯಿತು, ಬಚ್ಚಲು ಆಯಿತು. ತೊಳೆಯುವ ಹುರುಪು ಮೈಯೇರಿದರೆ ಇಳಿಯುವುದಿಲ್ಲ. ಇನ್ನೇನು ಉಳಿಯಿತು ಎಂದು ನೋಡುತ್ತ ನಿಂತವಳಿಗೆ ಮೂಲೆಯ ಸರ್ವರ್ ಕಂಡಿತು. ಇದರದೂ ಒಂದು ಕೈ ಆಗಿಯೇ ಬಿಡಲಿ ಅಂತ ಸೆರಗು ಸಿಕ್ಕಿಸಿಕೊಂಡೇ ಕೂತೆ. ಹೊಸ ಆವೃತ್ತಿ ಬಂದಿತ್ತು. ಹಳೆಯ ಡಬ್ಬಿಯನ್ನು ನಿಲ್ಲಿಸಿ ತೆಗೆದುಹಾಕಿದೆ. ಅಲ್ಲಿಯವರೆಗೆ ತಪ್ಪಿಲ್ಲ. ಹೊಸದನ್ನು ಕೂಡಿಸುವ ಮೊದಲು, ಯಾವ ಡಬ್ಬಿಗೂ ಸೇರದೆ ಬಿದ್ದಿರುವುದನ್ನೆಲ್ಲ ಗುಡಿಸಿ ಹಾಕು ಎಂದು ಆಜ್ಞೆ ಕೊಟ್ಟೆ. ಕಂಪ್ಯೂಟರ್ ಪಾಪ, ಖಾತ್ರಿಯೇ ಎಂದು ಒಮ್ಮೆ ಕೇಳಿತು. ಹೌದು ಅಂದೆ. ಇಷ್ಟು ಜಾಗ ಖಾಲಿಯಾಯಿತು ಎಂದು ತೋರಿಸಿದಾಗ ನನಗೆ ಖುಷಿಯೋ ಖುಷಿ.

ಹೊಸ ಡಬ್ಬಿ ಕೂಡಿಸಿ ಟಿವಿ ಹಚ್ಚಿದೆ. "ಸ್ವಾಗತ. ನಿಮ್ಮ ಹೆಸರು ಮತ್ತು ಭಾಷೆ ಆರಿಸಿ" ಎಂದಿತು. ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಉಂಡು ಮಲಗಿದ್ದ ಸರ್ವರ್ ನೀನ್ಯಾರು ಎಂದು ನನ್ನನ್ನೇ ಕೇಳುತ್ತಿದೆ! ಅಡಿಬರಹಗಳನ್ನು ಹುಡುಕಿದೆ, ಒಂದೂ ಇರಲಿಲ್ಲ.

ಆದದ್ದಿಷ್ಟು. ಫೋಟೊಗಳು ಹೊರಗಿನ ಬೇರೆ ಡಿಸ್ಕಿನಲ್ಲಿದ್ದವು, ಅವಕ್ಕೆ ಏನೂ ಆಗಿರಲಿಲ್ಲ. ಅಡಿಬರಹಗಳಿದ್ದದ್ದು ಸರ್ವರಿನ ಸ್ವಂತ ಕಡತದಲ್ಲಿ. ಆ ಕಡತವನ್ನು ಹೊರಗಿನ ಒಂದು ಜಾಗಕ್ಕೆ ಕಟ್ಟಿಹಾಕಬೇಕು. ಇದನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಬಾಯಿ ನೋಯುವಷ್ಟು ಹೇಳುತ್ತೇನೆ. ನನ್ನ ಮನೆಯಲ್ಲಿ ಮಾತ್ರ, ಮೊದಲ ದಿನ ಸುಮ್ಮನೆ ನೋಡೋಣ ಎಂದು ಹಾಕಿದ ಡಬ್ಬಿಯೇ ಕಾಯಂ ಆಗಿ ನಡೆದುಬಂದಿತ್ತು. ಕಟ್ಟಿಹಾಕಿರಲೇ ಇಲ್ಲ. ಹೆಸರೂ ಇಲ್ಲದ ಒಂದು ಮೂಲೆಯಲ್ಲಿ ಅದು ಬಿದ್ದಿತ್ತು. ಡಬ್ಬಿ ಹೋದ ಕೂಡಲೇ ಅದಕ್ಕೆ ದಿಕ್ಕಿಲ್ಲದಂತಾಗಿ, ನನ್ನ ಕಸಬರಿಗೆಗೆ ಸಿಕ್ಕಿತು. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಅಳಿಸಿದ್ದನ್ನು ಹುಡುಕಿಕೊಡುವ ತಂತ್ರಾಂಶ ಓಡಿಸಿದೆ. ಸಂಜೆಯವರೆಗೆ ಓಡಿ ಅದು ಒಂದಕ್ಷರವನ್ನೂ ತರಲಿಲ್ಲ. ಎಂಟು ತಿಂಗಳ ಅವ್ವನ ಮಧ್ಯಾಹ್ನಗಳನ್ನು ನಾನು ದಸರೆಯ ಕಸದ ಜೊತೆ ಗುಡಿಸಿ ಹಾಕಿದ್ದೆ. ಕೂತು ಅತ್ತುಬಿಟ್ಟೆ.

ಅಣ್ಣನಿಗೆ ಫೋನು ಮಾಡಿದೆ. ಕುಣಿದಾಡುತ್ತಾನೆ ಅಂದುಕೊಂಡಿದ್ದೆ. "ನಾ ಹೇಳಿದ್ನಿಲ್ಲೇನು, ಡಬ್ಬಿ ಗಿಬ್ಬಿ ಬ್ಯಾಡ ಅಂತ?" ಎಂದು ಶುರು ಮಾಡಿದವನು ನನ್ನ ದನಿ ಕೇಳಿ ನಿಲ್ಲಿಸಿದ.

"ಅವ್ವಗ ಹೇಳಿಯೇನು?" ಎಂದು ಕೇಳಿದ.

"ಇಲ್ಲ. ಹೆಂಗ ಹೇಳ್ಲಿ ಅಣ್ಣಾ? ಬಳಗಕ್ಕೆಲ್ಲಾ ಫೋನ್ ಮಾಡಿ ಹೇಳ್ಯಾಳ. ಮತ್ತ ಬರಿಯಂದ್ರ ಬರೀತಾಳಂತಿಯೇನು ಈ ವಯಸ್ಸಿನ್ಯಾಗ? ಬ್ಯಾಸರಾಗಿ ಬಿಟ್ಟಬಿಡ್ತಾಳ."

"ಹಂಗಾರ ನಾವ ಬರಿಯೂಣು."

"ಏನು?"

"ನಾವ ಬರಿಯೂಣು ಅಂದೆ. ಎಲ್ಲಾ ಓದೇವಲ್ಲ? ನೆನಪ ಇದ್ದಷ್ಟು ಹಂಗಽ, ಇಲ್ಲದ್ದು ಅವ್ವನಂಗ. ಹನ್ನೆರಡ ದಿನ ಐತಿ."

ಇದು ಹುಚ್ಚುತನವೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಬೇರೆ ದಾರಿ ಕಾಣಲಿಲ್ಲ. ತಾಮ್ರದ ತಂತಿ ತರಬೇಕೆಂದು ಅವ್ವನಿಗೆ ಹೇಳಿ ಅಣ್ಣ ದಿನಾ ಮಧ್ಯಾಹ್ನ ಬೆಳಗಾವಿಯ ಬಸ್ಸು ಹತ್ತಿದ. ನಾನು ಲ್ಯಾಬು ಮುಗಿಸಿಕೊಂಡು ಓಡಿ ಬರುತ್ತಿದ್ದೆ. "ಇಷ್ಟು ತಂತಿ ತಂದು ಇವ ಊರಿಗೇ ಸುತ್ತತಾನೇನು?" ಎಂದು ಅವ್ವ ವೈನಿಯನ್ನು ಕೇಳಿದಳಂತೆ.

ಕೂತಾಗ ಗೊತ್ತಾಯಿತು ನಮ್ಮ ನೆನಪಿನ ಬಂಡವಾಳ. ಪೂರ್ತಿ ನೆನಪಿದ್ದವು ನಲವತ್ತೋ ಐವತ್ತೋ. ಉಳಿದವಕ್ಕೆ ಜಗಳ. ಜರಿಟೋಪಿಯ ಮುದುಕ ಕಾಕಾನೋ ಮಾಮಾನೋ ಎಂಬುದಕ್ಕೆ ಅರ್ಧ ದಿನ ಹೋಯಿತು. ಯಾವುದೋ ಕೂಸನ್ನು ಅಣ್ಣ ತಾನೇ ಅಂದ, ನಾನು ನಾನೇ ಅಂದೆ. ಕೊನೆಗೆ ಕೂಸಿನ ಕಿವಿಯಲ್ಲಿ ಬೆಂಡೋಲೆ ಇದೆಯೆಂದು ಫೋಟೊ ಹಿಗ್ಗಿಸಿ ತೋರಿಸಿ ಗೆದ್ದೆ. ಅವನ ಬರಹವೋ, ದೇವರೇ ಗತಿ. ಗಿರಾಕಿಗಳಿಗೆ ಚೀಟಿ ಬರೆದು ರೂಢಿಯಾದ ಕೈ. "ಸದರಿ ಫೋಟೊದಲ್ಲಿರುವ ಎಡಗಡೆಯ ಹೆಣ್ಣುಮಗಳು" ಎಂದು ಶುರು ಮಾಡುತ್ತಿದ್ದ. ಅವ್ವನ ಹಾಗೆ ಬರಿಯೋ ಅಂದರೆ, "ಅವ್ವನಂಗ ಬರಿಯಾಕ ಅವ್ವನಂಗ ಬೈಯಾಕ ಬರ್ಬೇಕು, ಅದು ನಿನಗ ಬರ್ತೈತಿ, ನೀ ಬರಿ" ಅನ್ನುತ್ತಿದ್ದ.

ಹೀಗೆ ಬರೆಯುತ್ತ ಒಂದು ಸಂಜೆ ಅವ್ವನದೇ ಒಂದು ಫೋಟೊ ಬಂತು. ಖಾನಾಪುರದ ಬಸ್ ಸ್ಟ್ಯಾಂಡು, ಹಲಸಿ ಕಡೆಯ ಬಸ್ಸಿಗೆ ಕಾಯುತ್ತ ನಿಂತಿದ್ದಾಳೆ. ಮೂವತ್ತೈದರ ಆಸುಪಾಸಿನ ವಯಸ್ಸು. ಬಗಲಲ್ಲಿ ಚೀಲ, ಕೈಯಲ್ಲಿ ಕೊಡೆ, ಮುಖದಲ್ಲಿ ಬಸ್ಸಿನ ಮೇಲಿನ ಸಿಟ್ಟು. ಇದಕ್ಕೆ ಅವ್ವ ಏನು ಬರೆದಿದ್ದಳು? ನನಗೂ ನೆನಪಿಲ್ಲ, ಅವನಿಗೂ ಇಲ್ಲ.

"ನಾವೇನ ಬರಿಯೂಣು ಇದಕ್ಕ?" ಅಂದೆ.

ಅಣ್ಣ ಬಹಳ ಹೊತ್ತು ಫೋಟೊವನ್ನೇ ನೋಡಿದ. "ಹೊಟ್ಟಿನೋವು ಬರಿ" ಅಂದ.

ನನಗೆ ತಟ್ಟನೆ ಅರ್ಥವಾಯಿತು. ಈ ಮಾತನ್ನು ನಾವಿಬ್ಬರೂ ಹಿಂದೆ ಎಂದೂ ಆಡಿರಲಿಲ್ಲ. ಅವನಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದೆಯೆಂದು ಅವನಿಗೆ. ನಾನು ಬರೆದೆ, ಅವನು ಎರಡು ಮಾತು ಸೇರಿಸಿದ. ಒಂದು ಅಕ್ಷರಕ್ಕೂ ಜಗಳಾಡದೆ ಬರೆದದ್ದು ಅದೊಂದೇ.

ಆಯುಧಪೂಜೆಯ ದಿನ ಅಂಗಡಿಯ ಪೂಜೆ ಮುಗಿಸಿ ಅಣ್ಣ ಅವ್ವನನ್ನು ಕರೆತಂದ. ವೈನಿ ಘಟದ ಮುಂದೆ ಉಳಿದಳು. ಮುಂಜಾಗ್ರತೆಗೆಂದು ನಾನು ಅವ್ವನ ಮೆಚ್ಚಿನ ಸಿಹಿ, ಕುಂದಾ, ಒಂದು ಕಿಲೊ ತಂದಿಟ್ಟಿದ್ದೆ. ಅವ್ವ ಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಕುಂದಾದ ಕಡೆ ಕಣ್ಣೂ ಹಾಯಿಸದೆ, "ಟಿವಿ ಹಚ್ಚು. ನಾಳಿಗೆ ಮಂದಿ ಬರ್ತಾರ, ಒಮ್ಮಿ ನೋಡಕೊಂಡಬಿಡ್ತೀನಿ" ಅಂದಳು.

ಮೊದಲ ಫೋಟೊ ದಾಟಿತು. ಎರಡನೆಯದೂ ದಾಟಿತು. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಮೂರನೆಯದು ಆ ಸೀರೆಯದು. "ಶಹಾಪುರದ ಸೀರೆ. ಬಹಳ ಚೆನ್ನಾಗಿದೆ" ಎಂದಿತ್ತು. ಆ ಹೆಂಗಸು ನಾಳೆ ಖುದ್ದು ಬರುವವಳಿದ್ದಳು, ಆಕೆಯ ಮಾನ ಉಳಿಯಲಿ ಎಂದು ನಾನೇ ಬದಲಿಸಿದ್ದೆ.

"ಯಾರಲೇ ಇದನ್ನ ಬರದಾವ್ರು?"

"ನೀನ ಅಲ್ಲೇನವ್ವಾ?" ಅಂದ ಅಣ್ಣ, ಟಿವಿ ನೋಡುತ್ತ.

"ನಾ ಜನ್ಮದಾಗ ಯಾರ ಸೀರಿನರ ಚೆನ್ನಾಗೈತಿ ಅಂದೇನೇನು? ಅದೂ ಇಕಿದು?"

ಅಷ್ಟೇ. ಎಲ್ಲ ಬಯಲಾಯಿತು. ನಾನು ಡಬ್ಬಿ, ಕಸಬರಿಗೆ, ಕಟ್ಟಿಹಾಕದ ಕಡತ ಎಲ್ಲ ಒಪ್ಪಿಸಿದೆ. ಹೇಳುತ್ತ ಹೇಳುತ್ತ ಅಳು ಬಂತು. "ತಪ್ಪಾತವ್ವಾ" ಅಂದೆ. ಅವ್ವನ ಮುಖ ಸಣ್ಣದಾಯಿತು. "ಎಲ್ಲಾನೂ ಹೋತೇನು?" ಎಂದು ಒಮ್ಮೆ ಕೇಳಿದಳು. ಹೂಂ ಅಂದೆ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಅವಳೇ ರಿಮೋಟು ಕೈಗೆತ್ತಿಕೊಂಡಳು. "ಬರದೀರಿ ಅಂದ ಮ್ಯಾಲ ತಪಾಸಾಕ ಬೇಕಲ್ಲ" ಅಂದಳು.

ಆಮೇಲೆ ಎರಡು ತಾಸು ನಾವಿಬ್ಬರೂ ಅವಳ ಮುಂದೆ ನಾಲ್ಕನೇ ಇಯತ್ತೆಯ ಶಾಲೆ ಮಕ್ಕಳ ಹಾಗೆ ಕೂತಿದ್ದೆವು. ಜರಿಟೋಪಿಯ ಮುದುಕ ಕಾಕಾನೂ ಅಲ್ಲ, ಮಾಮಾನೂ ಅಲ್ಲ, ಹಾಲು ಹಾಕುವವನು. ಬೆಂಡೋಲೆಯ ಕೂಸು ನಾನೂ ಅಲ್ಲ, ಅಣ್ಣನೂ ಅಲ್ಲ, ಬಾಜು ಮನೆಯದು. "ಸದರಿ" ಎಂದು ಬಂದಾಗಲೆಲ್ಲ ಅಣ್ಣನ ತಲೆಗೆ ರಿಮೋಟಿನಿಂದ ಒಂದು ಮೊಟಕು. ನಾನು ಬರೆದ ಒಂದು ಉದ್ದನೆಯ ಬರಹ ಓದಿ, "ಇಷ್ಟ್ಯಾಕ ಉಪ್ಪಿಟ್ಟ ಮಾಡಿದಿ? ಎರಡ ಮಾತಿನ್ಯಾಗ ಹೇಳಾಕ ಬರಾಂಗಿಲ್ಲೇನು?" ಅಂದಳು. ಆದರೆ ಒಂದೆರಡು ಕಡೆ ಮೂಗಿನಲ್ಲೇ ನಕ್ಕದ್ದನ್ನು ನಾನು ಕಂಡೆ. ಜೀವ ಬಂದಂತಾಯಿತು. "ನೂರಕ್ಕ ಹದಿನೆಂಟು. ಅದೂ ಅಕ್ಷರಾ ದುಂಡಗ ಅದಾವಂತ" ಎಂದು ಅಂಕ ಕೊಟ್ಟಳು. ಟಿವಿಯ ಅಕ್ಷರ ಎಲ್ಲರವೂ ದುಂಡಗೇ ಇರುತ್ತವೆ ಎಂದು ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಫೋಟೊ ಬಂತು. ನಾವು ಬರೆದದ್ದು ಹೀಗಿತ್ತು:

"ಇವರು ಅಕ್ಕಾರು. ಹಲಸಿ ಬಸ್ಸಿಗೆ ಕಾಯುತ್ತಿದ್ದಾರೆ. ಯಾರಿಗಾದರೂ ಹೊಡೆದ ದಿನ ಸಂಜೆ ಇವರಿಗೆ ಹೊಟ್ಟೆನೋವು ಬರುತ್ತಿತ್ತು. ರೊಟ್ಟಿ ಮುಟ್ಟುತ್ತಿರಲಿಲ್ಲ. ಮರುದಿನ ಚೀಲದಲ್ಲಿ ಒಂದು ಊಟದ ಗಂಟು ಹೆಚ್ಚಿಗೆ ಹೋಗುತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಾರೆ."

ಅವ್ವ ಓದಿದಳು. ರಿಮೋಟು ಒತ್ತಲಿಲ್ಲ. ಮತ್ತೊಮ್ಮೆ ಓದಿದಳು, ಈ ಸಲ ತುಟಿ ಅಲುಗುತ್ತಿತ್ತು. ಹೊರಗೆ ಓಣಿಯಲ್ಲಿ ಯಾರೋ ಪೂಜೆ ಮಾಡಿದ ಸ್ಕೂಟರಿನ ಹಾರ್ನು ಒತ್ತಿ ಒತ್ತಿ ನೋಡುತ್ತಿದ್ದರು.

"ಇದು ಯಾರು ಬರದದ್ದು?"

"ಇಬ್ರೂ" ಅಂದೆವು.

"ನಾ ಇದಕ್ಕ ಏನೂ ಬರದಿರಲಿಲ್ಲ. ನನ್ನ ಫೋಟೋಕ್ಕ ನಾ ಏನ ಬರೀಲಿ ಅಂತ ಹಂಗಽ ಬಿಟ್ಟಿದ್ದೆ." ಅವಳು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು. "ಅಪ್ಪಗೂ ಗೊತ್ತಿರಲಿಲ್ಲ ಇದು. ನೀವು ಸಣ್ಣಾವ್ರು. ನಿಮಗ ಹೆಂಗ ಗೊತ್ತಾತು?"

ಅಣ್ಣ ನೆಲ ನೋಡುತ್ತ, "ನೀ ಉಣ್ಣದಿದ್ರ ನಮಗ ಗೊತ್ತಾಗೂದಿಲ್ಲೇನವ್ವಾ?" ಅಂದ.

ಅವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ. ನಮ್ಮಿಬ್ಬರನ್ನೂ ಬರಿಗಣ್ಣಿನಿಂದ ಒಮ್ಮೆ ನೋಡಿದಳು.

"ಉಳಿದದ್ದೆಲ್ಲಾ ನಾ ಮತ್ತ ಬರೀತೀನಿ. ನನ್ನ ತಲ್ಯಾಗ ಐತಿ ಅದು, ಯಾವ ಡಬ್ಬ್ಯಾಗೂ ಇಲ್ಲ. ನಾಳಿ ಬಂದಾವ್ರಿಗೆ ಬಾಯಿಲೇ ಹೇಳ್ತೀನಿ" ಅಂದಳು. ಆಮೇಲೆ ಟಿವಿಯ ಕಡೆ ಬೆರಳು ಮಾಡಿದಳು. "ಆದ್ರ ಇದು ನನ್ನ ಕಡೆಯಿಂದ ಬರಿಯಾಕ ಆಗೂದಲ್ಲ. ಇದು ಹೋತಂದ್ರ ಹೋತು. ಇದನ್ನ ಎಲ್ಲಿಡತೀರಿ ಹೇಳ್ರಿ, ಇಬ್ರೂ."

ಎರಡು ವರ್ಷ ಜಗಳಾಡಿದವರು ಒಬ್ಬರ ಮುಖ ಒಬ್ಬರು ನೋಡಿದೆವು. "ನನ್ನ ಕಡೆ ನೇರ ಹಾಕಿದ್ರಾಗೂ ಇರ್ಲಿ" ಅಂದ ಅಣ್ಣ. "ನನ್ನಲ್ಲಿ ಡಬ್ಬಿ ಹೊರಗ ಇರ್ಲಿ, ಕಟ್ಟಿಹಾಕಿ" ಅಂದೆ ನಾನು. "ಕಾಗದದ ಮ್ಯಾಲೂ ಬರದ ಕೊಡ್ರಿ, ನನ್ನ ಟ್ರಂಕಿನ್ಯಾಗ ಇಡ್ತೀನಿ" ಅಂದಳು ಅವ್ವ. ಆಗಲೇ ಅಣ್ಣ ತಾನು ತಂದಿದ್ದ ಪೆನ್ ಡ್ರೈವಿಗೆ ಪ್ರತಿ ಮಾಡಿಕೊಂಡ. ನಾನು ಕೀಲಿಮಣೆಯ ಮುಂದೆ ಕೂತು, ಅವ್ವನ ಕಣ್ಣೆದುರೇ ಕಡತವನ್ನು ಹೊರಗಿನ ಜಾಗಕ್ಕೆ ಕಟ್ಟಿಹಾಕಿದೆ. ಕಟ್ಟಿದ್ದು ಗಟ್ಟಿಯಿದೆಯೇ ಎಂದು ಎರಡು ಸಲ ಕೇಳಿದಳು.

ಎಲ್ಲ ಮುಗಿದು ಏಳಬೇಕು ಅನ್ನುವಾಗ ಅವ್ವ ಭುಜ ಹಿಡಿದು ಕೂಡಿಸಿದಳು.

"ತಡಿ. ಒಂದ ತಪ್ಪೈತಿ ಅದರಾಗ. ಯಾರಿಗೇ ಹೊಡದ್ರೂ ರೊಟ್ಟಿ ಮುಟ್ಟುತ್ತಿರಲಿಲ್ಲ ಅಂತ ಬರದೀರಲ್ಲ? ಅದು ಸಾಲಿ ಹುಡುಗೂರಿಗೆ ಹೊಡದಾಗ. ನಿಮ್ಮಿಬ್ಬರಿಗೂ ಹೊಡದ ದಿನ ಒಂದ ರೊಟ್ಟಿ ಜಾಸ್ತಿನ ತಿಂತಿದ್ದೆ. ಅದನ್ನೂ ಬರಿ. ಸುಳ್ಳ ಇರಬಾರದು."

ಅಣ್ಣ ನಗುತ್ತ ಗೋಡೆಗೆ ಒರಗಿದ. ನಾನು ಅಳುತ್ತಲೋ ನಗುತ್ತಲೋ ಬರೆದೆ. ಎರಡು ಕಡೆ ಅಕ್ಷರ ತಪ್ಪಿತು. ಅವ್ವ ಎರಡನ್ನೂ ತಿದ್ದಿಸಿ, ಒಮ್ಮೆ ಪೂರ್ತಿ ಓದಿ, ಕುಂದಾ ತಿನ್ನಲು ಒಳಗೆ ಹೋದಳು.